ಒಟ್ಟೀಲಿಯ ನಿಷಾದ

ಯುದ್ಧಕ್ಕೆ ಹೋದ ಟ್ರೌಟ್‌ಫೆಟರ್ ಮೇಷ್ಟ್ರ ಜಾಗದಲ್ಲಿ ಜರ್ಮನಿಯ ತುರಿಂಗಿಯಾದ ನಮ್ಮೂರ ಇಗರ್ಜಿಯಲ್ಲಿ ಆರ್ಗನ್ ನುಡಿಸಿದವಳು ಅವರ ಶಿಷ್ಯೆ ಒಟ್ಟೀಲಿ. ಗಾಜು ಊದುವವನ ಮಗಳು. ಪ್ರವಚನದ ಹೊತ್ತಿನಲ್ಲೂ ಬೆಂಚಿನ ಮೇಲೆ ಸುಮ್ಮನೆ ಕೂತವಳಲ್ಲ. ಮೇಷ್ಟ್ರು ಮರಳಿದ ವಾರವೇ ಪಾದ್ರಿಗಳು ಆರ್ಗನ್ನಿನ ಬೀಗದ ಕೈ ವಾಪಸು ಕೇಳಿದರು.

“ಕೊಡ್ತೀನಿ ಪಾದ್ರಿಗಳೇ. ಮೊದಲು ಇಬ್ರಿಗೂ ಪರೀಕ್ಷೆ ಇಡಿ.”

“ಗುರುಗಳ ಜೊತೆ ಪೈಪೋಟಿನಾ? ನಾಚಿಕೆ ಆಗಲ್ವೇನಮ್ಮಾ?”

“ಸೋತ್ರೆ ಆಗ್ಲಿ. ಈಗಲೇ ಯಾಕೆ?”

ಮೇಷ್ಟ್ರು ನಕ್ಕು ಒಪ್ಪಿದರು. ಎರ್ಫುರ್ಟ್‌ನಿಂದ ಪರೀಕ್ಷಕರು ಬಂದರು. ಒಂದು ಸ್ತುತಿಗೀತೆಯನ್ನು ನಾಲ್ಕು ಕಂಠಗಳಿಗೆ ಹೊಂದಿಸಿ ಬರೆಯಬೇಕಿತ್ತು. ಮೇಷ್ಟ್ರು ಬೇಗ ಮುಗಿಸಿ ಹೊರಗೆ ಹೋಗಿ ಪೈಪು ಹಚ್ಚಿದರು.

ಒಟ್ಟೀಲಿ ಕೊನೆಯ ಸಾಲಿನಲ್ಲಿ ಸಿಕ್ಕಿಬಿದ್ದಿದ್ದಳು. ಅಲ್ಲಿ ‘ನಿ’, ‘ರಿ’, ‘ಮ’ ಒಟ್ಟಿಗೆ ಮೊಳಗಬೇಕು. ಸ್ವರ ಮೂರು, ಕಂಠ ನಾಲ್ಕು. ಒಂದು ಸ್ವರವನ್ನು ಇಬ್ಬರು ಹಾಡಲೇಬೇಕು. ಅವಸರದಲ್ಲಿ ‘ನಿ’ಯನ್ನೇ, ಅಂದರೆ ನಿಷಾದವನ್ನೇ, ಇಬ್ಬರಿಗೆ ಕೊಟ್ಟಿದ್ದಳು. ‘ಸ’ ಮುಟ್ಟುವ ತನಕ ಆ ಸ್ವರಕ್ಕೆ ಸಮಾಧಾನವಿಲ್ಲ. ಇಬ್ಬರೂ ಜೊತೆಯಾಗಿ ಅಲ್ಲಿಗೆ ಹತ್ತಿದರೆ ಒಂದು ಕಂಠವೇ ಕಳೆದುಹೋದಂತೆ ಕೇಳಿಸುತ್ತದೆ. ಅದು ದೊಡ್ಡ ತಪ್ಪು. ಒಬ್ಬರನ್ನು ಕೆಳಗಿಳಿಸಿ ನೋಡಿದಳು. ಕಿವಿಗೆ ಚುಚ್ಚಿತು. ಎದ್ದು ಕಿಟಕಿಗೆ ಹೋದಳು, ಬಂದು ಕೂತಳು, ಮತ್ತೆ ಎದ್ದಳು. ಕಡೆಗೆ ಎಲ್ಲ ಹೊಡೆದುಹಾಕಿ, ‘ನಿ’ಯನ್ನು ಒಬ್ಬರಿಗೇ ಬಿಟ್ಟು ‘ರಿ’ಯನ್ನು ಇಬ್ಬರಿಗೆ ಹಂಚಿದಳು. ‘ನಿ’ ಏರಿ ‘ಸ’ ಸೇರಿತು, ‘ಮ’ ಇಳಿದು ‘ಗ’ ಸೇರಿತು.

ಇಬ್ಬರದರಲ್ಲೂ ತಪ್ಪಿಲ್ಲ ಎಂದರು ಪರೀಕ್ಷಕರು. ಕೆಲಸ ಮಾತ್ರ ಮೇಷ್ಟ್ರಿಗೇ ಹೋಯಿತು. ಅವರದು ಮನೆ ತುಂಬ ಮಕ್ಕಳು ಎಂಬುದು ಪಾದ್ರಿಗಳ ಸಮಜಾಯಿಷಿ.

ಒಟ್ಟೀಲಿ ಗೋಥಾ ಪಟ್ಟಣಕ್ಕೆ ಹೋಗಿ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸತೊಡಗಿದಳು. ಇಗರ್ಜಿಯ ಗಾಯನವೃಂದದಲ್ಲಿ ಅವಳ ಜೊತೆಗಿದ್ದ ನಾನು ಒಂದು ಮಧ್ಯಾಹ್ನ ನೋಡಲು ಹೋದೆ. ಪರದೆಯ ಮೇಲೆ ಕಳ್ಳ ಸೂರಿನಿಂದ ಸೂರಿಗೆ ಹಾರುತ್ತಿದ್ದ. ಅವಳು ಪರೀಕ್ಷೆಯ ಅದೇ ಚಡಪಡಿಕೆಯ ಸ್ವರಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು, ಯಾವುದನ್ನೂ ನೆಲೆ ಮುಟ್ಟಿಸುತ್ತಿರಲಿಲ್ಲ. ಜನ ಕುರ್ಚಿಯ ತುದಿಗೆ ಬಂದಿದ್ದರು.

ಆಟ ಮುಗಿದ ಮೇಲೆ ಸುಟ್ಟ ಸಾಸೇಜು ತಿನ್ನುತ್ತ ಹೇಳಿದೆ: “ಮೇಷ್ಟ್ರ ಕೈಗೆ ವಾತ ಹಿಡಿದಿದೆ. ನೀನು ಬಂದ್ರೆ ಸಾಕು ಅಂತಿದಾರೆ ಪಾದ್ರಿಗಳು. ಬರ್ತೀಯೇನೆ?”

“ಈಗ ನಾನು ನೆನಪಾದ್ನಾ ಅವ್ರಿಗೆ? ಬರಲ್ಲ ಕಣೇ. ಲೈಪ್‌ಜಿಗ್‌ನಲ್ಲಿ ಇದಕ್ಕಿಂತ ದೊಡ್ಡ ಚಿತ್ರಮಂದಿರ ಇದೆ, ಅಲ್ಲಿಗೆ ಹೊರಟಿದೀನಿ.”

ಮುಂದೆ ಮೇಷ್ಟ್ರ ಮಣ್ಣಿಗೆ ಬಂದಳು. ಆರ್ಗನ್ ನುಡಿಸಿದಳು. ಕಾಫಿಗೂ ನಿಲ್ಲದೆ ರೈಲು ಹತ್ತಿದಳು.