ಬೈನಾ ತೆಗೆದುಕೊಂಡ ನಾಣ್ಯ

ನರ್ಸಮ್ಮ ಕತ್ತರಿ ಹಿಡಿದು ಬಗ್ಗಿದಾಗ ಲುವೀನಿಯಾ ಫ್ರೇಝರ್ ಕಾಲನ್ನು ಹಿಂದಕ್ಕೆಳೆದುಕೊಂಡಳು. ಎಡಗಾಲು ಊದಿ ಬಾಳೆಯ ದಿಂಡಿನಂತಾಗಿತ್ತು. ಕಣಕಾಲಿಗೆ ಕಟ್ಟಿದ್ದ ಮೇಣದ ದಾರ ಮಾಂಸದೊಳಗೆ ಹುಗಿದುಹೋಗಿ, ಅದಕ್ಕೆ ಪೋಣಿಸಿದ್ದ ಬೆಳ್ಳಿ ನಾಣ್ಯದ ಅಂಚು ಮಾತ್ರ ಹೊರಗೆ ಇಣುಕುತ್ತಿತ್ತು.

“ದಾರ ಬೇಕಾ, ಕಾಲು ಬೇಕಾ ಮಿಸ್ ಲುವೀನಿಯಾ? ಒಂದು ಹೇಳಿ.” ದ್ವೀಪದಲ್ಲಿ ಹಿರಿಯ ಹೆಂಗಸರಿಗೆಲ್ಲ ಮರ್ಯಾದೆಯ ‘ಮಿಸ್’.

“ಎರಡೂ ನಂದೇ ಕಣಮ್ಮಾ. ಎರಡೂ ಉಳಿಸು.”

ಮಗಳು ಆರ್ನೆಟಾ ತಾಯಿಯ ಭುಜಗಳನ್ನು ಒತ್ತಿ ಹಿಡಿದಳು. ಕತ್ತರಿ ಚಕ್ ಎಂದಿತು. ಬುದ್ಧಿ ಬಂದಾಗಿನಿಂದ ಲುವೀನಿಯಾಳ ಆ ಕಾಲು ಬರಿದಾಗಿಯೇ ಉಳಿದದ್ದು ಅಂದೇ ಮೊದಲು.

ಸವಾನಾ ಪಟ್ಟಣಕ್ಕೆ ಹತ್ತಿರದ ಸೇಂಟ್ ಹೆಲೀನಾ ದ್ವೀಪದಲ್ಲಿ ಹುಟ್ಟಿ, ಅಲ್ಲೇ ಕಡಲ ಸಿಂಪಿಯ ಚಿಪ್ಪು ಬಿಚ್ಚಿ ಮಾಂಸ ತೆಗೆಯುವ ಕಾರ್ಖಾನೆಯಲ್ಲಿ ನಿಂತೂ ನಿಂತೂ ಮುದುಕಿಯಾದವಳು ಅವಳು. ಗಂಡ ಹೆಝಕಾಯ ಸವಾನಾಕ್ಕೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಒಲೆ ಹೂಡಿದ. ತಣ್ಣೀರಿನಲ್ಲಿ ಕಾಲಿಟ್ಟುಕೊಂಡೇ ಕೆಲಸ; ಜೊತೆಯವರಿಗೆಲ್ಲ ಕೀಲುನೋವು, ಇವಳಿಗಿಲ್ಲ. ನಾಣ್ಯ ತಡೆಯುತ್ತದೆ ಎಂದೇ ದ್ವೀಪದ ನಂಬಿಕೆ.

“ನಿನ್ನ ಕಾಲು ಬ್ಯಾಂಕು ಕಣೇ ಲುವೀನಿಯಾ,” ಎಂದು ಜೊತೆಯವರು ಕೆಣಕುತ್ತಿದ್ದರು.

“ಬ್ಯಾಂಕೇ. ನಿನ್ನ ಮುಖಕ್ಕೆ ಸಾಲ ಇಲ್ಲ, ಹೋಗೆ.”

ಅದು ಸಾವಿರದ ಏಳುನೂರ ತೊಂಬತ್ತಾರರ ನಾಣ್ಯ. ಹತ್ತು ಸೆಂಟಿನ ಬೆಳ್ಳಿ ನಾಣ್ಯವನ್ನು ಆ ದೇಶ ಮೊದಲು ಹೊಡೆದ ವರ್ಷದ್ದು. ಒಂದು ಮುಖದಲ್ಲಿ ಕೂದಲು ಇಳಿಬಿಟ್ಟ ಹೆಂಗಸು ಇನ್ನೂ ಇದ್ದಾಳೆ. ಚರ್ಮಕ್ಕೆ ತಾಗಿಕೊಂಡಿದ್ದ ಇನ್ನೊಂದು ಮುಖದಲ್ಲಿ ಹದ್ದು ಉಜ್ಜಿಹೋಗಿ ಹೊಳೆಕಲ್ಲಿನಷ್ಟು ನುಣುಪು. ಹೆಂಗಸಿನ ತಲೆಯ ಮೇಲೊಂದು ತೂತು, ದಾರ ಎಳೆದೆಳೆದು ಉದ್ದವಾದದ್ದು. ಅಂಚಿನಲ್ಲಿ ಸಣ್ಣ ಸಣ್ಣ ತಗ್ಗುಗಳು, ಎಳೆಮಗುವಿನ ಹಲ್ಲಿನವು.

ಯಾವ ಮಗುವಿನ ಹಲ್ಲು ಎಂಬುದರಲ್ಲೇ ಎಲ್ಲ ಇದೆ. ಲುವೀನಿಯಾಳ ಅಜ್ಜಿಯ ತಾಯಿ ಬೈನಾ, ಹೋಲ್ಕಂ ಮನೆತನದ ಹತ್ತಿ ತೋಟದ ಗುಲಾಮಳು. ದೊರೆಸಾನಿಗೆ ಹಾಲು ಬತ್ತಿತೆಂದು ಆಗತಾನೇ ಹೆತ್ತಿದ್ದ ಬೈನಾಳನ್ನು ದೊಡ್ಡಮನೆಗೆ ಎಳೆದೊಯ್ದರು. ಅವಳ ಕೂಸಿಗೆ ಸಕ್ಕರೆ ನೀರು, ದೊರೆಯ ಕೂಸಿಗೆ ಅವಳ ಎದೆ. ಅವಳದು ಸತ್ತಿತು, ದೊರೆಯದು ದುಂಡಗಾಯಿತು. ಅದಕ್ಕೆ ಹಲ್ಲು ಮೂಡಿ ವಸಡು ಕೆರೆಯತೊಡಗಿದಾಗ ಬೆಳ್ಳಿ ನಾಣ್ಯಕ್ಕೆ ತೂತು ಕೊರೆದು ಕೊರಳಿಗೆ ಕಟ್ಟಿದರು. ಅದು ಬೈನಾಳ ತೊಡೆಯ ಮೇಲೆ ಕೂತು ನಾಣ್ಯ ಕಚ್ಚಿತು. ಹಾಲು ಬಿಡಿಸಿ ಅವಳನ್ನು ಮತ್ತೆ ಹತ್ತಿ ಬಿಡಿಸಲು ಅಟ್ಟಿದ ದಿನ ನಾಣ್ಯ ಅವಳ ತಲೆವಸ್ತ್ರದೊಳಗೆ ಹೊರಟುಬಂತು; ಅವಳ ಕಾಲಿಗೇರಿ, ಆಮೇಲೆ ಹುಟ್ಟಿದ ಮಗಳ ಕಾಲಿಗೆ ಇಳಿಯಿತು.

ಹೊಸವರ್ಷಕ್ಕೊಮ್ಮೆ ದಾರ ಬದಲಿಸುವಾಗ ತಾಯಿ ಮಗಳನ್ನು ಕೇಳುವುದು ಆ ಮನೆಯ ಪದ್ಧತಿ: “ಇದನ್ನ ಯಾರು ಕೊಟ್ರು?” ಮಗಳು ಹೇಳಬೇಕು: “ಯಾರೂ ಕೊಡ್ಲಿಲ್ಲ. ಬೈನಾ ತಗೊಂಡ್ಲು.” ಬಾಯಿ ತಪ್ಪಿ ‘ಕೊಟ್ರು’ ಅಂದರೆ ಕೆನ್ನೆಗೆ ಒಂದೇಟು. ‘ಕದ್ಲು’ ಅಂದರೆ ಎರಡು.

ಇಂಥ ನಾಣ್ಯ, ಕಾಲಿನ ಊತ ಇಳಿಯುವ ತನಕ ಡಬ್ಬಿಯಲ್ಲಿ ಕೂರುವುದೇಕೆಂದು ಆರ್ನೆಟಾ ಪೇಟೆಯ ಇತಿಹಾಸ ಸಂಘದ ಪ್ರದರ್ಶನಕ್ಕೆ ಕೊಟ್ಟಳು. ಪೇಟೆಯ ಗ್ರಂಥಾಲಯದಲ್ಲಿ ಕೆಲಸ ಅವಳಿಗೆ. ದ್ವೀಪದ ಹೆಂಗಸರ ಹೆಸರಿನ ಪ್ರದರ್ಶನ ಎಂದು ಹೆಮ್ಮೆ. ಅಲ್ಲಿಗೆ ಬಂದರು ಪ್ರೆಂಟಿಸ್ ಹೋಲ್ಕಂ. ಹಳೇ ನಾಣ್ಯಗಳ ಹುಚ್ಚು, ಜೇಬಿನಲ್ಲೇ ಭೂತಗನ್ನಡಿ. ಹಲ್ಲಿನ ಗುರುತಿನ ನಾಣ್ಯ ಕಳೆದುಹೋದ ಕತೆ ಅವರ ಮನೆಯಲ್ಲೂ ನಡೆದುಬಂದಿತ್ತು. ನಮ್ಮದು ಎಂದರು. ಸಂಘದವರು ಬೆಚ್ಚಿ, ತೀರ್ಮಾನವಾಗುವ ತನಕ ಯಾರಿಗೂ ಇಲ್ಲವೆಂದು ಗಾಜಿನ ಪೆಟ್ಟಿಗೆಗೆ ಬೀಗ ಹಾಕಿದರು. ಪಕ್ಕದಲ್ಲಿ ಹೊಸ ಚೀಟಿ ಬಂತು. ಸ್ಥಿತಿ: ತೂತು ಬಿದ್ದು ಹಾಳಾಗಿದೆ. ಮಾಲೀಕರು: ಹೋಲ್ಕಂ ಕುಟುಂಬ, ಆಮೇಲೆ ತಿಳಿಯದು.

ತಿಳಿಯದಂತೆ! ಹದ್ದನ್ನು ಉಜ್ಜಿ ಅಳಿಸಿದ ನಾಲ್ಕು ಹೆಂಗಸರ ಕಾಲುಗಳು ಇವರಿಗೆ ತಿಳಿಯದು. ದುಡ್ಡಿರುವವನ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿದ್ದರೆ ಅದು ಚರಿತ್ರೆ. ದುಡಿಯುವವಳ ಮೈಮೇಲೆ ಸವೆದರೆ ಅದು ಹಾನಿ. ಇಂಥ ಚೀಟಿ ಬರೆಯುವವರ ಕೈ ಯಾಕೆ ನಡುಗುವುದಿಲ್ಲ?

ಕಡೆಗೆ ಪ್ರೆಂಟಿಸರೇ ಒಂದು ದಾರಿ ಹೇಳಿಕಳಿಸಿದರು. ಕೆಟ್ಟ ಮನುಷ್ಯರೇನಲ್ಲ, ಅದೇ ಕಷ್ಟ. ಕೆಟ್ಟವರನ್ನು ಬೈದು ಬರಬಹುದು. ಹೋಲ್ಕಂ ಮನೆಯ ಹಿರಿಯರು ಪ್ರೀತಿಯಿಂದ ಕೊಟ್ಟರು ಎಂದು ಲುವೀನಿಯಾ ಸಂಘದ ಮುಂದೆ ಒಂದು ಮಾತು ಹೇಳಲಿ, ಹಾಗೇ ಬರೆಯಲಿ, ನಾಣ್ಯ ಅವಳೇ ಒಯ್ಯಲಿ.

ಹೋಗುವಾಗ ಕಾರಿನಲ್ಲಿ ಆರ್ನೆಟಾ ಸುಮ್ಮನಿರಲಿಲ್ಲ. “‘ಕೊಟ್ರು’ ಅಂದ್ಬಿಡಮ್ಮಾ. ಬಾಯೇನು ಸವೆಯಲ್ಲ.”

“ಆ ಮಾತಿಗೆ ನಿನ್ನ ಕೆನ್ನೆಗೆ ಬಿಟ್ಟಿದ್ದೆ.”

“ನೆನಪಿದೆ. ಎಡಗೆನ್ನೆ. ಈಗ ನಿಂಗೆ ಹೊಡೆಯೋರು ಯಾರಿದಾರೆ?”

ಲುವೀನಿಯಾಳಿಗೆ ಉಗುಳಲಾಗದ, ನುಂಗಲಾಗದ ಬಿಸಿತುಪ್ಪ ಬಾಯಲ್ಲಿತ್ತು. ಕೊಟ್ಟರು ಎಂದರೆ ನಾಣ್ಯ ಬರುತ್ತದೆ, ಬೈನಾ ಹೋಗುತ್ತಾಳೆ: ಕಿತ್ತುಕೊಂಡ ಹಾಲು ಪ್ರೀತಿಯಾಗುತ್ತದೆ, ನಾಣ್ಯ ಅದರ ಬಕ್ಷೀಸಾಗುತ್ತದೆ. ತಗೊಂಡಳು ಎಂದರೆ ಬೈನಾ ಉಳಿಯುತ್ತಾಳೆ, ನಾಣ್ಯ ಕಳ್ಳಮಾಲಾಗುತ್ತದೆ, ಅದೂ ಮೊಮ್ಮಗಳ ಮಗಳ ಬಾಯಿಂದಲೇ.

ಸಂಘದ ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಕಾರ್ಯದರ್ಶಿ ಮಿಸೆಸ್ ಪೆಲ್ ಪೆನ್ನು ಬಿಚ್ಚಿಟ್ಟುಕೊಂಡು ಕೂತಿದ್ದರು. ಪ್ರೆಂಟಿಸ್ ಎದ್ದು ಕುರ್ಚಿ ಎಳೆದುಕೊಟ್ಟರು.

“ಕೂತ್ಕೋ ಲುವೀನಿಯಾ. ಕಾಲು ಹೇಗಿದೆ? ನಂಗೂ ಈ ಜಗಳ ಬೇಡ. ಒಂದೇ ಮಾತು, ಹೇಳಿಬಿಡು, ಮನೆಗೆ ಹೋಗೋಣ.”

ಅವರ ಭಾಷೆಯಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಆದರೂ ಅದು ಯಾವುದೆಂದು ದ್ವೀಪದ ಕಿವಿಗೆ ಗೊತ್ತಾಗುತ್ತದೆ.

ಲುವೀನಿಯಾ ಮೇಜಿನ ಮೇಲಿನ ಗಾಜಿನ ಪೆಟ್ಟಿಗೆಯೊಳಗಿನ ನಾಣ್ಯ ನೋಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. “ಕೊ…” ಎಂದಳು. ಕೆಮ್ಮು ಬಂತು. ನೀರು ಕೇಳಿದಳು, ಕುಡಿದಳು, ಲೋಟವನ್ನು ಕೆಳಗಿಡಲೇ ಇಲ್ಲ.

“ಮಿಸ್ಟರ್ ಪ್ರೆಂಟಿಸ್, ಇದನ್ನ ಕಚ್ಚಿದ ಕೂಸು ಯಾರ ಹಾಲು ಕುಡೀತು?”

“ಅಯ್ಯೋ, ಗೊತ್ತಿಲ್ವಾ! ನಿಮ್ಮೋಳು ನಮ್ಮ ಮುತ್ತಜ್ಜನ್ನ ಸ್ವಂತ ಮಗನ ಹಾಗೆ ಸಾಕಿದ್ಲು. ನಮ್ಮನೇಲಿ ಇವತ್ತಿಗೂ ನೆನೆಸ್ಕೋತೀವಿ.”

“ಏನಂತ ಹೆಸರಿಟ್ಟು ನೆನೆಸ್ಕೋತೀರಿ?”

ಪ್ರೆಂಟಿಸ್ ಮಿಸೆಸ್ ಪೆಲ್ ಕಡೆ ನೋಡಿದರು. ಅಲ್ಲೂ ಹೆಸರಿರಲಿಲ್ಲ.

“ಬರ್ಕೊಳಿ ಮಿಸೆಸ್ ಪೆಲ್,” ಎಂದಳು ಲುವೀನಿಯಾ. “ಬೈನಾ. ಯಾರೂ ಕೊಡ್ಲಿಲ್ಲ. ಬೈನಾ ತಗೊಂಡ್ಲು.”

ಆರ್ನೆಟಾ ಕಣ್ಣು ಮುಚ್ಚಿಕೊಂಡಳು. ಪ್ರೆಂಟಿಸ್ ನಿಜಕ್ಕೂ ನೊಂದ ಮುಖ ಮಾಡಿ, “ಕಳವು ಅಂತ ನೀನೇ ಒಪ್ಪಿದ ಹಾಗಾಯ್ತಲ್ಲ ಲುವೀನಿಯಾ. ಇನ್ನು ನಾನೇನು ಮಾಡ್ಲಿ?” ಎಂದರು. “ಮಾತು ವಾಪಸ್ ತಗೋ. ಯಾರೂ ಕೇಳಿಸ್ಕೊಂಡಿಲ್ಲ.”

“ಕೇಳಿಸ್ಕೊಳ್ಲಿ ಅಂತ್ಲೇ ಹೇಳಿದ್ದು,” ಎಂದದ್ದು ಆರ್ನೆಟಾ. ಕಣ್ಣು ತೆರೆದಿದ್ದಳು. “ಹಾಲಿಗೇನು ಕೊಟ್ರಿ ನೀವು? ಮೊದ್ಲು ಅದನ್ನ ಬರೆಸಿ, ಆಮೇಲೆ ಕಳವು ಬರೆಸಿ. ಮತ್ತೆ ಅಮ್ಮನ್ನ ಮಿಸೆಸ್ ಫ್ರೇಝರ್ ಅನ್ನಿ.”

ಮಿಸೆಸ್ ಪೆಲ್ ಪೆನ್ನಿನ ಮುಚ್ಚಳ ಹಾಕಿದರು. ವಿಷಯ ವಕೀಲರಿಗೆ ಹೋಯಿತು, ನಾಣ್ಯ ಗಾಜಿನ ಪೆಟ್ಟಿಗೆಯಿಂದ ಕಬ್ಬಿಣದ ಪೆಟ್ಟಿಗೆಗೆ ಹೋಯಿತು. ಲುವೀನಿಯಾ ಬದುಕಿರುವ ತನಕ ಅದು ಹೊರಗೆ ಬರಲಿಲ್ಲ. ಹಾಲಿಗೆ ದಾವೆ ಹೂಡುವ ಕೋರ್ಟು ಆ ದೇಶದಲ್ಲಿಲ್ಲ. ಬೇರೆ ಯಾವ ದೇಶದಲ್ಲೂ ನನಗೆ ಕಂಡಿಲ್ಲ.

ಅವತ್ತು ಮೆಟ್ಟಿಲಿಳಿಯುವಾಗ ಲುವೀನಿಯಾ ಎರಡು ಸಲ ಮುಗ್ಗರಿಸಿದಳು. ಆರ್ನೆಟಾ ರಟ್ಟೆ ಹಿಡಿದುಕೊಂಡಳು.

“ಚೀಟೀಲಿ ಇನ್ನೇನು ಬರೀತಾರಮ್ಮಾ?”

“ಬೈನಾ ಕದ್ಲು ಅಂತ ಬರೀತಾರೆ.”

“ಬರೀಲಿ ಬಿಡು. ‘ತಿಳಿಯದು’ ಅನ್ನೋ ಜಾಗದಲ್ಲಿ ಹೆಸರಂತೂ ಬಂತಲ್ಲ.”

“ಹೆಸರು ಬಂತು ಕಣೇ,” ಎಂದಳು ಲುವೀನಿಯಾ, ಊದಿದ ಕಾಲನ್ನು ಮುಂದಿನ ಮೆಟ್ಟಿಲಿಗೆ ತಡಕಾಡುತ್ತ. “ನಾಣ್ಯ ಇಲ್ದೆ ಇಷ್ಟೊಂದು ಹಗುರವಾದ್ರೆ ಕಾಲಿಗೆ ನೆಲ ಸಿಗಲ್ಲ. ಮೆಲ್ಲಗೆ ನಡೆಸು.”