ರಫೂ ಅಕ್ಕನ ಕೊನೆಯ ಪೆಟ್ಟಿಗೆ

ಆ ಬೀದಿಯಲ್ಲಿ ಯಾರ ಬಟ್ಟೆ ಹರಿದರೂ ಮೊದಲು ನೆನಪಾಗುತ್ತಿದ್ದದ್ದು ರಫೂ ಅಕ್ಕ. ಕೋಟನ್ನು ಇಲಿ ಕಚ್ಚಿರಲಿ, ಸಿಗರೇಟಿನ ಕಿಡಿ ಬಿದ್ದು ತೂತಾಗಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲೆಳೆದು, ಎಳೆಗೆ ಎಳೆ ಹೆಣೆದು, ತೂತು ಎಲ್ಲಿತ್ತೆಂದು ಕೋಟಿನ ಯಜಮಾನನಿಗೇ ತಿಳಿಯದಂತೆ ಮಾಡಿಕೊಡುತ್ತಿದ್ದಳು. "ಇದು ಇನ್ನು ಬಾಳಿಕೆ ಬರಲ್ಲ, ಬಿಸಾಕಿ" ಅನ್ನುವ ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿದವರಿಲ್ಲ. ಬೇರೆಯವರು ಹಾಗಂದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು.

ಅವಳ ಗಂಡ ಗಡಿಯಾರ ರಿಪೇರಿಯವನು. ಮಕ್ಕಳಿರಲಿಲ್ಲ. ಹಿತ್ತಲಲ್ಲಿ ಮೂರು ಜೇನುಪೆಟ್ಟಿಗೆ ಇಟ್ಟುಕೊಂಡಿದ್ದ. ಅಂಗಡಿಯಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಅಲ್ಲಿಗೆ ಹೋಗುತ್ತಿದ್ದ. "ನಿಮ್ಮ ಎರಡನೇ ಸಂಸಾರ ಕ್ಷೇಮನಾ?" ಎಂದು ಅವಳು ರೇಗಿಸಿದರೆ, "ಅಲ್ಲೂ ಹೆಂಗಸರದೇ ದರ್ಬಾರು ಕಣೆ" ಎನ್ನುತ್ತಿದ್ದ.

ಅವನಿಗೆ ಅಂಟುಜ್ವರ ಬಂತು. ಹಾಸಿಗೆ ಸುತ್ತಿಕೊಂಡು ಹಿತ್ತಲ ಕೋಣೆಗೆ ಹೋದವನೇ ಒಳಗಿನಿಂದ ಚಿಲಕ ಹಾಕಿಕೊಂಡ. ಅವಳು ಬಾಗಿಲು ಬಡಿದಳು, ಬೈದಳು, ಅತ್ತಳು. "ನೀನು ದೂರ ಇರು" ಅಂದನೇ ಹೊರತು ತೆಗೆಯಲಿಲ್ಲ. ಹೊಸಿಲ ಬಳಿ ಇಟ್ಟ ತಟ್ಟೆಯನ್ನು ಅವಳು ಆಚೆ ಹೋದ ಮೇಲಷ್ಟೇ ಒಳಗೆಳೆದುಕೊಳ್ಳುತ್ತಿದ್ದ. ಒಂದು ದಿನ ತಟ್ಟೆ ಇಟ್ಟಲ್ಲೇ ಉಳಿಯಿತು. ನೆರೆಯವರು ಬಾಗಿಲು ಒಡೆದರು. ಅವನು ಸತ್ತದ್ದಕ್ಕಿಂತ ಆ ಚಿಲಕವೇ ಅವಳನ್ನು ಹೆಚ್ಚು ಕೊರೆಯಿತು. ಇಷ್ಟು ವರ್ಷ ಬಾಳಿದವಳ ಕೈಯಿಂದ ಒಂದು ಗುಟುಕು ನೀರು ಕುಡಿಯದೆ ಹೋದನಲ್ಲ ಎಂಬ ಸಿಟ್ಟು ಎದೆಯಲ್ಲಿ ಕೂತುಬಿಟ್ಟಿತು.

ಆದರೂ ಪೆಟ್ಟಿಗೆಗಳನ್ನು ಯಾರಿಗೂ ಕೊಡಲಿಲ್ಲ. ಅವನದೆಂದು ಓಡಾಡುವ ಜೀವ ಉಳಿದದ್ದು ಅಲ್ಲಿ ಮಾತ್ರ. ಎರಡು ಪೆಟ್ಟಿಗೆ ನೋಡನೋಡುತ್ತ ಬರಿದಾದವು. ಮೂರನೆಯದನ್ನಾದರೂ ಉಳಿಸಿಕೊಳ್ಳಬೇಕೆಂದು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು.

ಒಂದು ಬೆಳಿಗ್ಗೆ ಆ ಪೆಟ್ಟಿಗೆಯ ಮುಂದೆ ಹಾರಲಾರದ ಹುಳಗಳು ತೆವಳುತ್ತಿದ್ದವು. ರೆಕ್ಕೆಗಳು ಹಿಂಡಿ ಕೊಡವದೆ ಒಣಗಿಸಿದ ಬಟ್ಟೆಯಂತೆ ಮುದುಡಿದ್ದವು. ಅವಳು ನೋಡುತ್ತಿದ್ದಂತೆಯೇ ಎರಡು ಗಟ್ಟಿ ಹುಳಗಳು ಅಂಥದೇ ಇನ್ನೊಂದನ್ನು ದರದರ ಎಳೆತಂದು ಬಾಗಿಲಿಂದ ಕೆಳಕ್ಕೆ ತಳ್ಳಿದವು. ಅಕ್ಕನಿಗೆ ಮೈಯೆಲ್ಲ ಉರಿಯಿತು.

"ಏನ್ರೇ, ಹುಷಾರಿಲ್ದೋರನ್ನ ಮನೆಯಿಂದ ಆಚೆ ಹಾಕ್ತೀರಾ? ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಕಾಗದದ ಚೂರಿನ ಮೇಲೆ ಒಂದೊಂದನ್ನೇ ಹತ್ತಿಸಿಕೊಂಡು ಒಳಗೆ ಬಿಟ್ಟಳು. ಅವು ಮತ್ತೆ ತಳ್ಳಿದವು, ಇವಳು ಮತ್ತೆ ಬಿಟ್ಟಳು. ಹಟದಲ್ಲಿ ಅವಳನ್ನು ಸೋಲಿಸುವವರು ಯಾರು? ದಿನಾ ಬೆಳಗಾದರೆ ಇದೇ ಕೆಲಸವಾಯಿತು. ಪೆಟ್ಟಿಗೆ ಮಾತ್ರ ದಿನದಿಂದ ದಿನಕ್ಕೆ ಹಗುರವಾಗುತ್ತ ಹೋಯಿತು.

ಕೊನೆಗೆ ಗಂಡನ ಗೆಳೆಯರಾದ, ತಾವೂ ಜೇನು ಸಾಕುವ ಮೇಷ್ಟ್ರನ್ನು ಕರೆಸಿದಳು. ಮೇಷ್ಟ್ರು ರಿಟೈರ್ ಆಗಿದ್ದರೇ ಹೊರತು ಪಾಠ ಮಾಡುವುದನ್ನು ಬಿಟ್ಟಿರಲಿಲ್ಲ.

"ಇದು ವೈರಸ್ಸಮ್ಮ. ಆರ್‌ಎನ್‌ಎ ವೈರಸ್ ಅನ್ನೋ ಜಾತಿ. ಹುಳದ ಮೈಗೆ ಕಚ್ಕೊಳ್ಳೋ ಕೆಂಪು ನುಸಿ ಇದೆಯಲ್ಲ, ಅದು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತೆ. ಮರಿ ಗೂಡಲ್ಲಿ ಬೆಳೀತಿರೋವಾಗ್ಲೇ ರೆಕ್ಕೆ ಕೆಟ್ಟುಹೋಗುತ್ತೆ."

"ಔಷಧಿ?"

"ನುಸಿಗಿದೆ, ವೈರಸ್ಸಿಗಿಲ್ಲ. ಮುದುಡಿದ ರೆಕ್ಕೆ ಮತ್ತೆ ಬಿಚ್ಚಲ್ಲ."

"ಆಚೆ ಬಿದ್ದೋವನ್ನ ನಾನು ದಿನಾ ಎತ್ತಿ ಒಳಗೆ ಬಿಡ್ತಿದ್ದೆ, ಮೇಷ್ಟ್ರೇ."

ಮೇಷ್ಟ್ರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಬಿಡಬಾರದಿತ್ತಮ್ಮ. ನಿಮ್ಮಿಂದ್ಲೇ ಹೀಗಾಯ್ತು ಅಂತಲ್ಲ, ನುಸಿ ಮೊದ್ಲೇ ತುಂಬ್ಕೊಂಡಿತ್ತು. ಆದ್ರೆ ಕಾಯಿಲೆಯೋವನ್ನ ಆಚೆ ಹಾಕಿದ್ರೇನೇ ಮಿಕ್ಕೋವು ಉಳಿಯೋದು. ಎಷ್ಟೋ ಸಲ ತಳ್ಳೋದೂ ಬೇಡ, ಕಾಯಿಲೆ ಹುಳ ತಾನಾಗೇ ಆಚೆ ಬಂದ್ಬಿಡುತ್ತೆ."

"ತಾನಾಗೇನಾ?"

"ತಾನಾಗೇ. ಒಳಗಿರೋರಿಗೆ ಅಂಟದೇ ಇರ್ಲಿ ಅಂತ."

ಅಕ್ಕ ಹಿತ್ತಲ ಕೋಣೆಯ ಕಡೆ ತಿರುಗಿದಳು. ಮುರಿದ ಚಿಲಕ ಇನ್ನೂ ಹಾಗೇ ಜೋತಾಡುತ್ತಿತ್ತು. ಊರಿನ ಹರಕನ್ನೆಲ್ಲ ಹೊಲಿದವಳು ಅದನ್ನು ಮಾತ್ರ ಸಿಟ್ಟಿಗೆ ಸರಿಮಾಡಿಸಿರಲಿಲ್ಲ. ಮೇಷ್ಟ್ರು ಎದುರಿಗಿದ್ದಾರೆಂಬುದನ್ನೂ ಮರೆತು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ತನ್ನನ್ನು ಆಚೆ ಹಾಕಿದನೆಂದು ಇಷ್ಟು ದಿನ ಶಪಿಸಿದ್ದಳಲ್ಲ, ಆಚೆ ಹೋದವನು ಅವನು.

ಮೇಷ್ಟ್ರು ನುಸಿಗೆ ಔಷಧಿ ಇಟ್ಟರು. ಆದರೆ ಉಳಿದಿದ್ದ ಹುಳ ಬಹಳ ಕಡಿಮೆ, ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಿಯೇ ಹೋದರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಮುದುಡಿದ ರೆಕ್ಕೆಯ ಒಂದು ಹುಳ ಕಾಣಿಸಿತು. ಯಾರೂ ತಳ್ಳಲಿಲ್ಲ. ಅಂಚಿನವರೆಗೆ ತೆವಳಿ ಬಂದು ತಾನಾಗಿಯೇ ಕೆಳಕ್ಕೆ ಉರುಳಿತು. ಅಭ್ಯಾಸಬಲದಿಂದ ಅಕ್ಕನ ಕೈ ಕಾಗದದ ಚೂರಿಗೆ ಹೋಯಿತು. ತಡೆದಳು. ಒಳಗೆ ಹೋಗಿ ಸಕ್ಕರೆ ನೀರು ಕದಡಿ ತಂದು ನೆಲದ ಮೇಲೆ ಅದರ ಪಕ್ಕದಲ್ಲೇ ಕೂತಳು.

"ಒಳಗೆ ಕರೆಯಲ್ಲ ಬಿಡು" ಅಂದಳು.

ಬೆರಳ ತುದಿಯ ಹನಿಯನ್ನು ಅದರ ಮುಂದೆ ಹಿಡಿದಳು. ಹುಳ ನಾಲಿಗೆ ಚಾಚಿ ಕುಡಿಯಿತು. ಅದು ಕಾಲಾಡಿಸುವುದನ್ನು ನಿಲ್ಲಿಸುವವರೆಗೂ ಅವಳು ಅಲ್ಲಿಂದ ಏಳಲಿಲ್ಲ.