ಹುಳು ಮನೆಯ ಕಿಟಕಿಗೆ ಹೊಡೆದ ತಗಡು

2022ರ ಬೇಸಿಗೆ. ಶಿಡ್ಲಘಟ್ಟದ ಹತ್ತಿರದ ಊರಿನಲ್ಲಿ ನಾನು ಗೃಹಿಣಿ. ಕಾನ್ವೆಂಟಿನಲ್ಲಿ ಓದಿದ ನನಗೆ ಮದುವೆಯಾದ ಮೇಲೆ ಅತ್ತೆ ಕಲಿಸಿದ ಕೆಲಸ ರೇಷ್ಮೆ ಹುಳು ಸಾಕುವುದು. ಹಿತ್ತಲಿನ ಹುಳು ಮನೆ ನಮ್ಮಿಬ್ಬರ ಉಸ್ತುವಾರಿಯಲ್ಲಿತ್ತು.

ಆ ಸಲ ಹುಳುಗಳು ನಾಲ್ಕನೇ ಜ್ವರದಿಂದ, ಎಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದಿದ್ದವು. ಇನ್ನೊಂದು ವಾರ ಸೊಪ್ಪು ತಿಂದರೆ ಗೂಡು ಕಟ್ಟುತ್ತವೆ. ಅಷ್ಟರಲ್ಲಿ ಪಕ್ಕದ ಜಮೀನಿನ ಮೊಬೈಲ್ ಟವರ್ ಚಾಲೂ ಆಯಿತು. ರೇಡಿಯೇಷನ್ನಿಗೆ ಹುಳು ಉಳಿಯುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಅತ್ತೆ ಅತ್ತ ಕಡೆಯ ಕಿಟಕಿಗಳಿಗೆಲ್ಲ ತಗಡು ಹೊಡೆಸಿದರು.

ಎರಡೇ ದಿನಕ್ಕೆ ಹುಳು ಸೊಪ್ಪು ಮುಟ್ಟದಾದವು. ಕೆಲವು ಸತ್ತವು.

"ನೋಡ್ದೇನೇ, ತಗಡನ್ನೂ ತೂರ್ಕೊಂಡು ಬರ್ತಾ ಐತೆ!" ಎಂದರು ಅತ್ತೆ.

ಅವರು ಮೊದಲೇ ಕೊಟ್ಟಿದ್ದ ದೂರಿನ ಮೇಲೆ ಒಬ್ಬ ಎಂಜಿನಿಯರ್ ಹುಡುಗಿ ಮೀಟರ್ ಹಿಡಿದು ಬಂದಳು. ಅತ್ತೆ ಬಾಗಿಲಲ್ಲೇ ತಡೆದರು. "ಸೆಂಟ್ ಹಾಕ್ಕೊಂಡಿದ್ದೀಯೇನಮ್ಮ? ಕೈಕಾಲು ತೊಳ್ಕೊಂಡು ಬಾ. ಟವರಿಗಿಂತ ಮುಂಚೆ ನೀನೇ ಹುಳ ಸಾಯಿಸ್ಬಿಟ್ಟೀಯ!"

ಅಂಗಳದಲ್ಲಿ ಅಳೆದಾಗ ಟವರಿನ ಅಲೆ ಮಿತಿಗಿಂತ ಬಹಳ ಕೆಳಗಿತ್ತು. ಹುಳು ಮನೆಯೊಳಗೆ ಇನ್ನೂ ಕಡಿಮೆ. ಅಷ್ಟರಲ್ಲಿ ಹುಳುವಿನ ತಟ್ಟೆಯ ಅಂಚಿನಲ್ಲಿಟ್ಟಿದ್ದ ನನ್ನ ಫೋನ್ ರಿಂಗಾಯಿತು. ಎತ್ತಿದ ಕೂಡಲೇ ಮೀಟರಿನ ಅಂಕಿ ಜಿಗಿಯಿತು! ಫೋನನ್ನು ಕಿವಿಯಿಂದ ದೂರ ಹಿಡಿದೆ. ದಿನವೂ ಕಿವಿಗೊತ್ತಿಕೊಳ್ಳುವ ವಸ್ತು.

"ತಗಡಿಂದ ಒಳಗೆ ಸಿಗ್ನಲ್ ಕಮ್ಮಿ ಆಂಟಿ. ಟವರಿಗೆ ಕೇಳಿಸ್ಲಿ ಅಂತ ಫೋನು ಜೋರಾಗಿ ಕೂಗುತ್ತೆ," ಎಂದಳು.

"ಮಿತಿ ಅಂದ್ರೆ ಏನಮ್ಮ? ಅದ್ರೊಳಗಿದ್ರೆ ಏನೂ ಆಗಲ್ವಾ?" ಅತ್ತೆ ಬಿಡಲಿಲ್ಲ.

"ಮೈ ಬಿಸಿಯಾಗ್ಬಾರ್ದು ಅಂತ ಹಾಕಿರೋ ಗಡಿ ಅದು. ಬೇರೆ ಕೆಡುಕಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದ್ರೆ ತುಂಬಾ ವರ್ಷ ಬಳಸಿದ್ರೆ ಹೇಗೆ ಅಂತ ಇನ್ನೂ ಪರೀಕ್ಷೆ ನಡೀತಾನೇ ಇದೆ. ಗೊತ್ತಿಲ್ಲದ್ದನ್ನ ಗೊತ್ತು ಅನ್ನಲ್ಲ ಅಜ್ಜಿ."

"ಮತ್ತೆ ನನ್ನ ಹುಳ ಯಾಕೆ ಸಾಯ್ತಾವೆ?"

ಅವಳು ಮೀಟರನ್ನು ಕೆಳಗಿಳಿಸಿದಳು. ನಾನು ತಗಡಿನತ್ತ ನೋಡಿದೆ. ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿದ್ದವು. ಒಂದು ಜಾರಿ ಸೊಪ್ಪಿನ ಮೇಲೆ ಬಿತ್ತು. ಕೊನೆಯ ವಾರದ ಹುಳುವಿಗೆ ಸೊಪ್ಪಿನಷ್ಟೇ ಗಾಳಿಯೂ ಬೇಕು. ಅದನ್ನು ನನಗೆ ಕಲಿಸಿದವರೇ ಅತ್ತೆ.

"ಅತ್ತೇ, ಗಾಳಿನೇ ಇಲ್ಲ ಇಲ್ಲಿ."

ಅವರು ಹನಿಗಳನ್ನು ಬೆರಳಲ್ಲಿ ಒರೆಸಿ ನೋಡಿದರು. ಆಮೇಲೆ ತಾವೇ ಸುತ್ತಿಗೆ ತಂದರು. "ನಿಂತ್ಕೊಂಡು ಏನೇ ನೋಡ್ತೀಯ? ಕೀಳು!"

ತಗಡು ಕಿತ್ತ ಮೇಲೆ ಅದೇ ಜಾಗದಲ್ಲಿ ನಿಂತು ಈ ಸಲ ನಾನೇ ಕರೆ ಮಾಡಿದೆ. ಮೀಟರ್ ಆ ಜಿಗಿತ ಜಿಗಿಯಲಿಲ್ಲ.

ಹುಳುಗಳಲ್ಲಿ ಮುಕ್ಕಾಲು ಪಾಲು ಉಳಿದವು. ಹಣ್ಣಾಗಿ ನೂಲಲು ಸಿದ್ಧವಾದವನ್ನು ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ, ಬಿಟ್ಟ ದಿನ ಅತ್ತೆಯೂ ನಾನೂ ನೋಡುತ್ತ ನಿಂತೆವು. ತಲೆಯನ್ನು ಅತ್ತಿತ್ತ ಆಡಿಸುತ್ತಾ ಸಾವಿರಾರು ಹುಳುಗಳು ಕಣ್ಣಿಗೆ ಕಂಡೂ ಕಾಣದ ಎಳೆ ಎಳೆಯುತ್ತಿದ್ದವು. ಕಿಟಕಿಯಾಚೆ ಟವರ್. ಅಲ್ಲಿಂದ ಇಲ್ಲಿಗೆ, ನಮ್ಮಿಬ್ಬರ ನಡುವೆ ಕೂಡ, ಇನ್ನೆಷ್ಟು ಕಾಣದ ಎಳೆಗಳು ಹಾಯುತ್ತಿವೆಯೋ ಎಂದು ಬೆರಗಾಯಿತು.

ಕಾಣದ್ದಕ್ಕೆ ಹೆದರಿದಾಗ ಮೊದಲು ಅಳೆಯಬೇಕು, ಕಿಟಕಿ ಮುಚ್ಚುವುದು ಆಮೇಲೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಫೋನನ್ನು ಮಾತ್ರ ಅಂದಿನಿಂದ ಹೊರಗಿನ ಗೋಡೆಗೂಡಿನಲ್ಲೇ ಇಟ್ಟು ಒಳಗೆ ಹೋಗುತ್ತೇನೆ. ಮರೆತರೆ ಅತ್ತೆ ಬಾಗಿಲಲ್ಲೇ ಕೈ ಚಾಚುತ್ತಾರೆ.